ಅಂದಾಜು ಲಾಭ, ಅಸಲಿ ಲಾಭ

(ಮಹಿಳಾ ವೇದಿಕೆಯ ಸಂಕ್ರಾಂತಿ ಅರಿಶಿನ-ಕುಂಕುಮ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ, ಕಾತ್ರಜ, ಪುಣೆ, ಜನವರಿ 2026)



ಎಳ್ಳು-ಬೆಲ್ಲ ತಿಂದು ಒಳ್ಳೆಯ ಮಾತಾಡಬೇಕಾದ ದಿನ ನನಗೆ ಸಿಕ್ಕಿದ ವಿಷಯ ಆದಾಯ ತೆರಿಗೆ. ನಾನು ಸಿ.ಎ. ಅಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಎಂ.ಟೆಕ್ ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವಳು. ಮಗಳು ಹುಟ್ಟಿದ ಮೇಲೆ ಕಾತ್ರಜದಿಂದ ಹಿಂಜವಡಿಗೆ ದಿನಾ ಓಡಾಡುವುದು ಸಾಕಾಗಿ ಮನೆಯಿಂದಲೇ ಸ್ವತಂತ್ರವಾಗಿ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಹಾಗಾಗಿ ನನ್ನ ರಿಟರ್ನ್ ನಾನೇ ತುಂಬುತ್ತೇನೆ. ಅದನ್ನು ನೋಡಿ ಪಕ್ಕದ ಫ್ಲ್ಯಾಟಿನವರು ಕೇಳಿದರು, ಅವರ ಅಕ್ಕ ಕೇಳಿದರು, ಕೊನೆಗೆ ಕಾರ್ಯದರ್ಶಿಗಳು ಮೈಕ್ ಹಿಡಿದು ಹೇಳು ಎಂದರು.

ಈ ಹಾಲಿನಲ್ಲಿ ಕೂತವರಲ್ಲಿ ಎಷ್ಟು ಜನ ಸ್ವಂತ ದುಡಿಮೆ ಮಾಡುತ್ತೀರಿ ಎಂದು ಬರುವಾಗಲೇ ಲೆಕ್ಕ ಹಾಕಿದೆ. ಬ್ಲೌಸ್ ಹೊಲಿಯುವವರಿದ್ದೀರಿ, ಭಾರತಿ ವಿದ್ಯಾಪೀಠದ ಹುಡುಗರಿಗೆ ಡಬ್ಬಿ ಕೊಡುವವರಿದ್ದೀರಿ. ಹುಬ್ಬಳ್ಳಿ ಬಸ್ಸಿನಲ್ಲಿ ಇಳಕಲ್ ಸೀರೆ, ಗುಳೇದಗುಡ್ಡದ ಖಣ ತರಿಸಿ ವಾಟ್ಸಾಪಿನಲ್ಲಿ ಮಾರುವವರಿದ್ದೀರಿ. ಟ್ಯೂಷನ್ ಹೇಳುವವರು, ಎಲ್‌ಐಸಿ ಏಜೆಂಟರು, ನನ್ನ ಹಾಗೆ ಲ್ಯಾಪ್‌ಟಾಪ್ ಮುಂದೆ ಕೂರುವವರು ಸಹ ಇದ್ದೀರಿ. ಆದರೆ ಯಾರನ್ನಾದರೂ "ಏನು ಮಾಡ್ತೀರಿ?" ಎಂದು ಕೇಳಿದರೆ ಬರುವ ಉತ್ತರ, "ಏನಿಲ್ಲ, ಮನ್ಯಾಗ ಇರ್ತೀನಿ. ಸ್ವಲ್ಪ ಟೈಮ್‌ಪಾಸಿಗೆ ಹೊಲಿತೀನಿ." ವರ್ಷಕ್ಕೆ ಆರು ಲಕ್ಷ ವಹಿವಾಟಿನ ಟೈಮ್‌ಪಾಸ್!

ನಮ್ಮ ದೇಶದ ಆದಾಯ ತೆರಿಗೆ ಕಾಯ್ದೆಯಲ್ಲಿ ಇಂಥ ಸಣ್ಣ ದುಡಿಮೆಗಾರರಿಗಾಗಿಯೇ ಒಂದು ಏರ್ಪಾಡು ಇದೆ. ಇಂಗ್ಲಿಷಿನಲ್ಲಿ ಪ್ರಿಸಂಪ್ಟಿವ್ ಟ್ಯಾಕ್ಸೇಶನ್ ಎನ್ನುತ್ತಾರೆ, ನಾನು ಅಂದಾಜು ಲಾಭ ಎನ್ನುತ್ತೇನೆ. ದೊಡ್ಡ ಕಂಪನಿ ಪ್ರತಿಯೊಂದು ಖರ್ಚಿನ ಬಿಲ್ಲು ಇಟ್ಟು, ಲೆಕ್ಕಪುಸ್ತಕ ಬರೆದು, ಆಡಿಟ್ ಮಾಡಿಸಿ ಲಾಭ ತೋರಿಸಬೇಕು. ಸೂಜಿ, ದಾರ, ಲೈನಿಂಗ್, ಕೊತ್ತಂಬರಿ, ಗ್ಯಾಸ್ ಸಿಲಿಂಡರ್ ಇವಕ್ಕೆಲ್ಲ ನಾವು ಬಿಲ್ಲು ಎಲ್ಲಿಂದ ತರೋಣ? ಅದಕ್ಕೆ ಸರ್ಕಾರ ಹೇಳುತ್ತದೆ: ನೀನು ಒಟ್ಟು ಎಷ್ಟು ವಸೂಲಿ ಮಾಡಿದೆ ಎಂದು ಹೇಳು, ಅದರಲ್ಲಿ ಇಷ್ಟು ಪಾಲು ಲಾಭ ಎಂದು ನಾನೇ ಅಂದುಕೊಳ್ಳುತ್ತೇನೆ, ಬಿಲ್ಲು ಕೇಳುವುದಿಲ್ಲ.

ಅದರಲ್ಲಿ ನಮಗೆ ಬೇಕಾದ ಕಲಂ ಎರಡು. ಸಾಮಾನ್ಯ ವ್ಯಾಪಾರ-ವ್ಯವಹಾರಕ್ಕೆ 44ಎಡಿ. ಇದರಲ್ಲಿ ನಗದಾಗಿ ಬಂದ ಹಣದ ಶೇ. 8 ಲಾಭ, ಬ್ಯಾಂಕು, ಯುಪಿಐ ಮೂಲಕ ಬಂದ ಹಣದ ಶೇ. 6 ಲಾಭ. ನೋಟು ರದ್ದತಿಯ ಸಮಯದಲ್ಲಿ ಡಿಜಿಟಲ್ ಪಾವತಿಗೆ ಪ್ರೋತ್ಸಾಹ ಎಂದು ಈ ಶೇ. 6 ಬಂತು. ವಹಿವಾಟಿನ ಮಿತಿ ಎರಡು ಕೋಟಿ. ನಗದು ಶೇ. 5ಕ್ಕಿಂತ ಹೆಚ್ಚಿಲ್ಲದಿದ್ದರೆ ಮೂರು ಕೋಟಿ. ನಮ್ಮಲ್ಲಿ ಯಾರಾದರೂ ಆ ಮಿತಿ ಮುಟ್ಟಿದರೆ ಮುಂದಿನ ವರ್ಷದ ಕಾರ್ಯಕ್ರಮದ ಊಟ ಅವರದೇ.

ಇನ್ನೊಂದು 44ಎಡಿಎ. ಇದು ಕಾಯ್ದೆ ಹೆಸರಿಸಿದ ವೃತ್ತಿಗಳಿಗೆ ಮಾತ್ರ: ವೈದ್ಯರು, ವಕೀಲರು, ಎಂಜಿನಿಯರರು, ಆರ್ಕಿಟೆಕ್ಟರು, ಲೆಕ್ಕಪರಿಶೋಧಕರು, ತಾಂತ್ರಿಕ ಸಲಹೆಗಾರರು, ಒಳಾಂಗಣ ವಿನ್ಯಾಸಕರು, ಕಂಪನಿ ಸೆಕ್ರೆಟರಿಗಳು, ಸಿನಿಮಾ ಕಲಾವಿದರು, ಮಾಹಿತಿ ತಂತ್ರಜ್ಞಾನದವರು, ಹೀಗೆ. 2016ರ ಬಜೆಟ್‌ನಲ್ಲಿ ಬಂದದ್ದು. ಇಲ್ಲಿ ವಸೂಲಿಯ ಅರ್ಧ, ಅಂದರೆ ಶೇ. 50 ಲಾಭ ಎಂದು ಲೆಕ್ಕ. ಮಿತಿ 50 ಲಕ್ಷ, ನಗದು ಶೇ. 5ರ ಒಳಗಿದ್ದರೆ 75 ಲಕ್ಷ.

ಟ್ಯೂಷನ್ ಹೇಳುವವರು "ನಮ್ಮದೂ ವೃತ್ತಿನೇ ಅಲ್ವಾ?" ಎಂದು ಕೇಳುತ್ತಾರೆ. ಮಾತಿಗೆ ವೃತ್ತಿಯೇ, ಆದರೆ ಕಾಯ್ದೆಯ ಆ ಪಟ್ಟಿಯಲ್ಲಿ ಟ್ಯೂಷನ್ ಇಲ್ಲ. ಹಾಗಾಗಿ 44ಎಡಿಎಯ ಅರ್ಧ ಅವರಿಗೆ ಅನ್ವಯಿಸುವುದಿಲ್ಲ, 44ಎಡಿ ನೋಡಬೇಕು. ಎಲ್‌ಐಸಿ ಏಜೆಂಟರಿಗೆ ಮಾತ್ರ ಸ್ವಲ್ಪ ಬೇಸರದ ಸುದ್ದಿ. ಕಮಿಷನ್, ದಲ್ಲಾಳಿ, ಏಜೆನ್ಸಿಯ ಆದಾಯಕ್ಕೆ 44ಎಡಿ ಸಿಗುವುದಿಲ್ಲ. ನಿಜವಾದ ಖರ್ಚು ಬರೆದಿಟ್ಟು ಲಾಭ ತೋರಿಸಬೇಕು. ಸೀರೆ ಮಾರುವವರಲ್ಲೂ ಇದೇ ಭೇದ ಇದೆ. ಇಳಕಲ್ಲಿನಿಂದ ನಿಮ್ಮ ದುಡ್ಡಿನಲ್ಲಿ ಸೀರೆ ಖರೀದಿಸಿ ಮಾರಿದರೆ ಅದು ನಿಮ್ಮ ವ್ಯಾಪಾರ, ಅಂದಾಜು ಲಾಭ ನಡೆಯುತ್ತದೆ. ಇನ್ನೊಬ್ಬರ ಸೀರೆಯ ಫೋಟೋ ಹಾಕಿ, ಆರ್ಡರ್ ಹಿಡಿದು, ಸೀರೆಗೆ ಇನ್ನೂರು ರೂಪಾಯಿ ಕಮಿಷನ್ ತಗೊಂಡರೆ ಅದು ಏಜೆನ್ಸಿ, ಅಲ್ಲಿ ನಡೆಯುವುದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ವಾಟ್ಸಾಪ್ ಗುಂಪು!

ಈಗ ಒಂದು ಲೆಕ್ಕ ಮಾಡೋಣ. ಹೊಲಿಗೆಯ ಅಕ್ಕನೊಬ್ಬರ ವರ್ಷದ ವಸೂಲಿ 6,40,000 ರೂಪಾಯಿ ಎಂದುಕೊಳ್ಳಿ. ಲಗ್ನದ ಸೀಸನ್ ಚೆನ್ನಾಗಿತ್ತು. ಇದರಲ್ಲಿ 4,90,000 ಯುಪಿಐನಲ್ಲಿ ಬಂತು, 1,50,000 ಕೈಗೆ ಬಂತು. ಮೊದಲನೆಯದರ ಶೇ. 6 ಎಂದರೆ 29,400. ಎರಡನೆಯದರ ಶೇ. 8 ಎಂದರೆ 12,000. ಕೂಡಿದರೆ 41,400. ಕಾಯ್ದೆಯ ಅಂದಾಜಿನಲ್ಲಿ ಅಕ್ಕನ ಇಡೀ ವರ್ಷದ ಲಾಭ ಇಷ್ಟು.

ಯಾರೋ ಒಬ್ಬರು ಸೈಬರ್ ಕೆಫೆಯಲ್ಲಿ ಇದನ್ನೇ ತುಂಬಿ ಕೊಡುತ್ತಾರೆ. ತೆರಿಗೆ ಸೊನ್ನೆ. ಎಲ್ಲರಿಗೂ ಖುಷಿ.

ನಾನು ತಕರಾರು ಎತ್ತುವುದು ಇಲ್ಲೇ. ಅಕ್ಕನ ನಿಜವಾದ ಲೆಕ್ಕ ನೋಡಿ. ಲೈನಿಂಗ್ ಬಟ್ಟೆ, ದಾರ, ಹುಕ್ಕು, ವಿದ್ಯುತ್ತು, ಕೈಕೆಳಗೆ ಹೆಮ್ಮಿಂಗ್ ಮಾಡುವ ಹುಡುಗಿಯ ಸಂಬಳ, ಮಷಿನ್ ರಿಪೇರಿ ಎಲ್ಲ ಸೇರಿ 2,80,000 ಖರ್ಚು. ಉಳಿದದ್ದು 3,60,000. ತಿಂಗಳಿಗೆ ಮೂವತ್ತು ಸಾವಿರ. ಆದರೆ ರಿಟರ್ನ್‌ನಲ್ಲಿ ಬರೆದದ್ದು 41,400, ಅಂದರೆ ತಿಂಗಳಿಗೆ 3,450. ನಾಳೆ ಆ ಅಕ್ಕ ಸಾಲಕ್ಕೆ ಹೋದರೆ ಬ್ಯಾಂಕಿನವರ ಮೇಜಿನ ಮೇಲೆ ಇರುವುದು ಈ 3,450. ಇಷ್ಟು ಆದಾಯದವರಿಗೆ ಯಾರು ಸಾಲ ಕೊಡುತ್ತಾರೆ?

ಶೇ. 6, ಶೇ. 8, ಶೇ. 50 ಇವು ಕಾಯ್ದೆ ಒಪ್ಪುವ ಕನಿಷ್ಠ ಅಂಕಿಗಳು. ಇದಕ್ಕಿಂತ ಹೆಚ್ಚು ಲಾಭ ಗಳಿಸಿದ್ದೇನೆ ಎಂದು ನೀವು ಹೇಳಿದರೆ ಆ ಹೆಚ್ಚಿನ ಮೊತ್ತವೇ ನಿಮ್ಮ ಆದಾಯ ಎಂದು ಅದೇ ಕಲಮಿನಲ್ಲಿ ಬರೆದಿದೆ. ಫಾರ್ಮಿನಲ್ಲಿ ಆ ಡಬ್ಬಿಯೊಳಗೆ ದೊಡ್ಡ ಅಂಕಿ ಹಾಕಲು ಯಾರ ಅಡ್ಡಿಯೂ ಇಲ್ಲ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಅದು ಡಿಫಾಲ್ಟ್ ವ್ಯಾಲ್ಯೂ. ನೀವು ಏನೂ ಹಾಕದಿದ್ದರೆ ಅದೇ ಉಳಿಯುತ್ತದೆ.

ಹೆಚ್ಚು ತೋರಿಸಿದರೆ ತೆರಿಗೆ ಬೀಳುವುದಿಲ್ಲವೇ? 2025-26ರ ಹೊಸ ಪದ್ಧತಿಯ ದರ ನೋಡಿ. ಮೊದಲ ನಾಲ್ಕು ಲಕ್ಷಕ್ಕೆ ಏನಿಲ್ಲ. ನಾಲ್ಕರಿಂದ ಎಂಟು ಲಕ್ಷಕ್ಕೆ ಶೇ. 5, ಎಂಟರಿಂದ ಹನ್ನೆರಡಕ್ಕೆ ಶೇ. 10. ಹನ್ನೆರಡು ಲಕ್ಷದ ಆದಾಯಕ್ಕೆ ಲೆಕ್ಕ ಹಾಕಿದರೆ 60,000 ತೆರಿಗೆ. ಆದರೆ ಒಟ್ಟು ಆದಾಯ ಹನ್ನೆರಡು ಲಕ್ಷ ದಾಟದಿದ್ದರೆ ಆ 60,000 ಪೂರ್ತಿ 87ಎ ಕಲಮಿನ ರಿಯಾಯಿತಿಯಲ್ಲಿ ಹೋಗುತ್ತದೆ. ಅಂದರೆ ಹೊಲಿಗೆಯ ಅಕ್ಕ 41,400 ಬರೆದರೂ ತೆರಿಗೆ ಸೊನ್ನೆ, ನಿಜವಾದ 3,60,000 ಬರೆದರೂ ಸೊನ್ನೆ. ನಿಜ ಹೇಳುವುದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲದಾಗ ಸುಮ್ಮನೆ ಯಾಕೆ ನಮ್ಮನ್ನು ನಾವೇ ತಿಂಗಳಿಗೆ 3,450ರ ಹೆಂಗಸರು ಮಾಡಿಕೊಳ್ಳಬೇಕು?

ಸಂಬಳದವರಿಗೆ ಹನ್ನೆರಡು ಮುಕ್ಕಾಲು ಲಕ್ಷದವರೆಗೆ ಸೊನ್ನೆ ಎಂದು ಕೇಳಿರುತ್ತೀರಿ. ಆ ಎಪ್ಪತ್ತೈದು ಸಾವಿರ ಸಂಬಳದ ಸ್ಟ್ಯಾಂಡರ್ಡ್ ಡಿಡಕ್ಷನ್. ಸ್ವಂತ ದುಡಿಮೆಯವರಿಗೆ ಅದಿಲ್ಲ. ಶೇರು ಮಾರಿದ ಲಾಭಕ್ಕೆ ವಿಶೇಷ ದರ ಇರುವುದರಿಂದ ಅದಕ್ಕೂ ಈ ರಿಯಾಯಿತಿ ನಡೆಯದು.

ಎರಡನೆಯ ಹೆದರಿಕೆ ಇನ್ನೂ ದೊಡ್ಡದು. "ನಾನು ಆದಾಯ ತೋರಿಸಿದ್ರ ನಮ್ಮನಿಯವರ ಟ್ಯಾಕ್ಸ್ ಜಾಸ್ತಿ ಆಗ್ತದ." ಇದನ್ನು ನನಗೆ ಕನಿಷ್ಠ ಹತ್ತು ಜನ ಹೇಳಿದ್ದಾರೆ. ಇಲ್ಲ, ಆಗುವುದಿಲ್ಲ. ನಮ್ಮ ದೇಶದಲ್ಲಿ ಗಂಡ ಬೇರೆ, ಹೆಂಡತಿ ಬೇರೆ ತೆರಿಗೆದಾರರು. ಅವರ ಪ್ಯಾನ್ ಅವರದು, ನಿಮ್ಮ ಪ್ಯಾನ್ ನಿಮ್ಮದು. ನಿಮ್ಮ ದುಡಿಮೆಯ ಆದಾಯ ಅವರ ಸಂಬಳಕ್ಕೆ ಸೇರುವುದಿಲ್ಲ. ಅವರ ಹನ್ನೆರಡು ಲಕ್ಷದ ರಿಯಾಯಿತಿ ಅವರಿಗೆ, ನಿಮ್ಮದು ನಿಮಗೆ.

ಒಂದು ಸೂಕ್ಷ್ಮ ಇದೆ. ಗಂಡ ಉಡುಗೊರೆಯಾಗಿ ಕೊಟ್ಟ ಬಂಡವಾಳದಿಂದ ನಡೆಯುವ ವ್ಯಾಪಾರವಾದರೆ, ಆ ಬಂಡವಾಳದ ಪಾಲಿಗೆ ತಕ್ಕಷ್ಟು ಲಾಭ ಗಂಡನ ಆದಾಯಕ್ಕೆ ಸೇರುತ್ತದೆ. 64ನೇ ಕಲಂ ಹಾಗೆ ಹೇಳುತ್ತದೆ. ತವರಿನಲ್ಲಿ ಅಪ್ಪನೋ ಅಣ್ಣನೋ ಕೊಟ್ಟ ದುಡ್ಡಾದರೆ ಈ ತೊಂದರೆ ಇಲ್ಲ. ನಿಮ್ಮ ಸ್ವಂತ ಉಳಿತಾಯಕ್ಕೂ ಇಲ್ಲ. ಹೊಲಿಗೆ ಮಷಿನ್ ತವರಿನಿಂದ ಬಂದಿದ್ದರೆ ಕಾಯ್ದೆಯೂ ತವರಿನ ಪರ.

ಈ ಹೆದರಿಕೆ ಎಲ್ಲಿಂದ ಬಂತು ಎಂದು ಯೋಚಿಸಿದಾಗ ನನಗೆ ಅಮೆರಿಕದ ನೆನಪಾಯಿತು. ಅಲ್ಲಿ ಗಂಡಹೆಂಡತಿ ಸಾಮಾನ್ಯವಾಗಿ ಒಟ್ಟಿಗೆ ಒಂದೇ ರಿಟರ್ನ್ ತುಂಬುತ್ತಾರೆ, ಆದಾಯ ಕೂಡುತ್ತದೆ. ಅಲ್ಲಿರುವ ಮಗಳೋ ಸೊಸೆಯೋ ಫೋನಿನಲ್ಲಿ ಹೇಳಿದ್ದು ಇಲ್ಲಿ ನಿಯಮವಾಗಿ ಓಡಾಡುತ್ತಿರಬಹುದು. ನನ್ನ ಚಿಕ್ಕಮ್ಮನ ಮಗಳು ಅಲ್ಲಿ ಮನೆಯ ಬೇಸ್‌ಮೆಂಟಿನಲ್ಲಿ ಮಕ್ಕಳಿಗೆ ಭರತನಾಟ್ಯ ಕಲಿಸುತ್ತಾಳೆ. ನಮ್ಮಲ್ಲಿ ಅಂದಾಜು ಲಾಭ ಇದ್ದ ಹಾಗೆ ಅವರಲ್ಲಿ ಸ್ವಂತ ದುಡಿಮೆಯವರಿಗೆ ಕ್ಯೂಬಿಐ ಕಡಿತ ಎಂದಿದೆ. 2017ರ ಕಾನೂನಿನಲ್ಲಿ ಬಂದು 2018ರಿಂದ ಜಾರಿಯಾಯಿತು, 2025ರ ಕೊನೆಗೆ ಮುಗಿಯಬೇಕಿತ್ತು, ಕಳೆದ ಜುಲೈನಲ್ಲಿ ಅದನ್ನು ಕಾಯಂ ಮಾಡಿದರು. ಅಲ್ಲಿ ಅಂದಾಜು ಇಲ್ಲ. ಬಂದ ಫೀಸಿನಿಂದ ನಿಜವಾದ ಖರ್ಚು ಕಳೆದು ಲಾಭ ತೋರಿಸಬೇಕು, ಆಮೇಲೆ ಆ ಲಾಭದಲ್ಲಿ ಶೇ. 20ರವರೆಗೆ ಆದಾಯದಿಂದ ಬಿಡುತ್ತಾರೆ.

ಅವಳು ಕೇಳಿದಳು ಎಂದು ಒಂದು ದಿನ ವಿಡಿಯೋ ಕಾಲಿನಲ್ಲೇ ಲೆಕ್ಕ ಹಾಕಿದೆವು. ನಿವ್ವಳ ಲಾಭ 20,000 ಡಾಲರ್ ಎಂದು ಹಿಡಿದೆವು. ಅದರ ಶೇ. 20 ಎಂದರೆ 4,000 ಎಂದು ಅವಳ ಅಂದಾಜು. ಹಾಗಲ್ಲ. ಸ್ವಂತ ದುಡಿಮೆಯವರು ಅಲ್ಲಿ ಪಿಂಚಣಿ, ವೈದ್ಯಕೀಯ ನಿಧಿಗಳಿಗೆ ಪ್ರತ್ಯೇಕ ತೆರಿಗೆ ಕಟ್ಟುತ್ತಾರೆ. ಲಾಭದ ಶೇ. 92.35 ತೆಗೆದು, ಅದರ ಮೇಲೆ ಶೇ. 15.3. ಅವಳಿಗೆ ಅದು 2,826 ಡಾಲರ್. ಅದರ ಅರ್ಧ, 1,413 ಡಾಲರನ್ನು ಮೊದಲು ಲಾಭದಿಂದ ಕಳೆಯಬೇಕು. ಉಳಿದ 18,587ರ ಶೇ. 20 ಎಂದರೆ 3,717. ಇದೂ ಕೊನೆಯ ಮಾತಲ್ಲ. ಮನೆಯ ಒಟ್ಟು ತೆರಿಗೆಯೋಗ್ಯ ಆದಾಯದಲ್ಲಿ ಬಂಡವಾಳ ಲಾಭ ಕಳೆದು, ಅದರ ಶೇ. 20ಕ್ಕಿಂತ ಈ ಕಡಿತ ಹೆಚ್ಚಿರಬಾರದು. ಗಂಡನ ಸಂಬಳವೂ ಅದೇ ರಿಟರ್ನ್‌ನಲ್ಲಿ ಇದ್ದದ್ದರಿಂದ ಅವಳಿಗೆ ಆ ಮಿತಿ ತಾಗಲಿಲ್ಲ. ಇನ್ನೊಂದು: ಈ 3,717 ಇಳಿಯುವುದು ಆದಾಯ ತೆರಿಗೆಯ ಲೆಕ್ಕಕ್ಕೆ ಮಾತ್ರ, ಆ 2,826 ಹಾಗೆಯೇ ಕಟ್ಟಬೇಕು. ಅಷ್ಟು ಕೇಳಿ ಅವಳು, "ನಿಮ್ಮದೇ ವಾಸಿ ಕಣೇ" ಎಂದಳು. ಲೆಕ್ಕ ಹಾಕುವ ಶ್ರಮದ ಮಟ್ಟಿಗೆ ಹೌದು, ನಮ್ಮದೇ ವಾಸಿ. ಆದರೆ ಅವಳಿಗೆ ತನ್ನ ನಿಜವಾದ ಲಾಭ ಎಷ್ಟು ಎಂದು ಡಾಲರು ಸೆಂಟಿನ ಮಟ್ಟಿಗೆ ಗೊತ್ತು. ನಮ್ಮಲ್ಲಿ ಕಾಯ್ದೆ ಕೇಳುವುದಿಲ್ಲ ಎಂದು ನಾವೂ ನಮ್ಮನ್ನು ಕೇಳಿಕೊಳ್ಳುವುದಿಲ್ಲ.

ಈಗ ಒಂದು ವಿಷಯ ಹೇಳುತ್ತೇನೆ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ, ಹೆಸರು ಬೇಡ ಎಂದಿದ್ದಾರೆ. ನಮ್ಮ ಪೈಕಿಯ ಒಬ್ಬ ವೈನಿ ಹನ್ನೆರಡು ವರ್ಷದಿಂದ ವಿದ್ಯಾರ್ಥಿಗಳಿಗೆ ಡಬ್ಬಿ ಕೊಡುತ್ತಾರೆ. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ; ಮರಾಠಿ ಹುಡುಗರೂ ಅವರ ಡಬ್ಬಿಗೆ ಸಾಲು ನಿಲ್ಲುತ್ತಾರೆ. ನಲವತ್ತು ಡಬ್ಬಿ, ತಿಂಗಳಿಗೆ 3,200ರಂತೆ. ಕಾಲೇಜು ನಡೆಯುವ ಹತ್ತು ತಿಂಗಳಿಗೆ 12,80,000. ಬೆಳಗ್ಗೆ ನಾಲ್ಕಕ್ಕೆ ಏಳುವವರು ಅವರು. ದುಡ್ಡು ಬರುವುದು ಮಾತ್ರ ಗಂಡನ ಖಾತೆಗೆ, ಯಾಕೆಂದರೆ ಬಾಗಿಲಿಗೆ ಅಂಟಿಸಿದ ಕ್ಯೂಆರ್ ಕೋಡ್ ಅವರದು. ಕೆಟ್ಟ ಉದ್ದೇಶ ಯಾರದೂ ಇಲ್ಲ. ಮೊದಲ ದಿನ ಯಾರ ಫೋನಿನಲ್ಲಿ ಆ್ಯಪ್ ಇತ್ತೋ ಅವರದು ಅಂಟಿಸಿದರು, ಹಾಗೇ ಉಳಿಯಿತು.

ಕಳೆದ ವರ್ಷ ಕೆಳಗಿನ ಮಹಡಿಯಲ್ಲಿ ಒಂದು ಗಾಳೆ ಖಾಲಿಯಾಯಿತು. ಅದನ್ನು ಬಾಡಿಗೆಗೆ ಹಿಡಿದು, ದೊಡ್ಡ ಒಲೆ, ಹಿಟ್ಟು ನಾದುವ ಮಷಿನ್ ಹಾಕಿ ನೂರು ಡಬ್ಬಿಗೆ ಹೋಗಬೇಕು ಎಂದು ವೈನಿ ಆರು ಲಕ್ಷ ಸಾಲ ಕೇಳಲು ಬ್ಯಾಂಕಿಗೆ ಹೋದರು. ಅಲ್ಲಿಯ ಅಧಿಕಾರಿ ಮರ್ಯಾದೆಯಿಂದಲೇ ಮಾತಾಡಿಸಿದರಂತೆ. ಮೂರು ವರ್ಷದ ರಿಟರ್ನ್ ಕೊಡಿ ಎಂದರು, ಇಲ್ಲ. ನಿಮ್ಮ ಖಾತೆಯ ಸ್ಟೇಟ್‌ಮೆಂಟ್ ಕೊಡಿ ಎಂದರು. ಅದರಲ್ಲಿ ಗ್ಯಾಸ್ ಸಬ್ಸಿಡಿ ಮತ್ತು ತಮ್ಮ ಹಾಕಿದ ಭಾವುಬೀಜದ ಐದು ಸಾವಿರ ಇತ್ತು, ಅಷ್ಟೇ. "ಹನ್ನೆರಡು ವರ್ಷ ದುಡ್ದೀನಿ, ಒಂದು ಕಾಗದದಾಗೂ ನಾ ಇಲ್ಲ ನೋಡವಾ" ಎಂದರು ನನ್ನ ಮುಂದೆ. ಗಂಡನ ಹೆಸರಿನಲ್ಲಿ ಸಾಲ ತೆಗೆಯಬಹುದಿತ್ತು. ಅವರಿಗೆ ಅದಾಗಲೇ ಮನೆ ಸಾಲದ ಕಂತು ಇತ್ತು, ಹೆಚ್ಚಿನದು ಸಿಗಲಿಲ್ಲ. ಗಾಳೆ ಬೇರೆಯವರ ಪಾಲಾಯಿತು. ಈಗ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ.

ಜಾಮೀನಿಲ್ಲದ ಮುದ್ರಾ ಸಾಲ ಇದೆಯಲ್ಲ ಎಂದು ಕೇಳಬಹುದು. ಇದೆ. ಶಿಶು 50,000ದವರೆಗೆ, ಕಿಶೋರ್ ಐದು ಲಕ್ಷದವರೆಗೆ, ತರುಣ್ ಹತ್ತು ಲಕ್ಷದವರೆಗೆ. ಹಿಂದಿನ ತರುಣ್ ಸಾಲ ತೀರಿಸಿದವರಿಗೆ ಇಪ್ಪತ್ತು ಲಕ್ಷದವರೆಗೂ ಇದೆ. ಆದರೆ ಜಾಮೀನು ಬೇಡ ಎಂದರೆ ದಾಖಲೆ ಬೇಡ ಎಂದಲ್ಲ. ಆಸ್ತಿ ಅಡ ಇಡದ ಕಡೆ ನಿಮ್ಮ ಆದಾಯದ ಕಾಗದವನ್ನೇ ಹೆಚ್ಚು ನೋಡುತ್ತಾರೆ. ಉದ್ಯಮ್ ನೋಂದಣಿಯನ್ನೂ ಮಾಡಿಸಿಟ್ಟುಕೊಳ್ಳಿ. ಸರ್ಕಾರದ ಪೋರ್ಟಲಿನಲ್ಲಿ ಅದು ಪೂರ್ತಿ ಉಚಿತ, ಆಧಾರ್, ಪ್ಯಾನ್ ಸಾಕು. ಇದಕ್ಕೆ ಎರಡು ಸಾವಿರ ಕೇಳುವ ವೆಬ್‌ಸೈಟುಗಳಿವೆ, ಹುಷಾರು.

ವೈನಿ ಈಗ ತಮ್ಮ ಹೆಸರಿನಲ್ಲಿ ಹೊಸ ಖಾತೆ ತೆಗೆದು, ಹೊಸ ಕ್ಯೂಆರ್ ಅಂಟಿಸಿದ್ದಾರೆ. ಮೊದಲ ರಿಟರ್ನ್ ಈ ಬೇಸಿಗೆಯಲ್ಲಿ. ಅವರ 12,80,000 ಪೂರ್ತಿ ಡಿಜಿಟಲ್ ಬಂದರೆ ಕನಿಷ್ಠ ಲಾಭ 76,800. ಅವರು ಅಷ್ಟು ಬರೆಯುವುದಿಲ್ಲ. ನೋಟ್‌ಬುಕ್ಕಿನಲ್ಲಿ ದಿನಸಿ, ಗ್ಯಾಸು, ತರಕಾರಿ, ಕಾತ್ರಜ ಡೇರಿಯ ಮೊಸರು ಎಲ್ಲ ಬರೆಯುತ್ತಿದ್ದಾರೆ. ಈವರೆಗಿನ ಗತಿ ನೋಡಿದರೆ ವರ್ಷಕ್ಕೆ ನಾಲ್ಕೂವರೆ ಲಕ್ಷ ಉಳಿಯುತ್ತದೆ. ಅದನ್ನೇ ಬರೆಯುತ್ತಾರೆ. ನಾಲ್ಕು ಲಕ್ಷದ ಮೇಲಿನ 50,000ಕ್ಕೆ ಶೇ. 5ರಂತೆ 2,500, ಅದೂ ರಿಯಾಯಿತಿಯಲ್ಲಿ ಹೋಗುತ್ತದೆ. ನೂರು ಡಬ್ಬಿಗೆ ಹೋದ ದಿನ ವಹಿವಾಟು ಇಪ್ಪತ್ತು ಲಕ್ಷ ದಾಟುತ್ತದೆ, ಆಗ ಜಿಎಸ್‌ಟಿ ನೋಂದಣಿ ನೋಡಬೇಕು. ಅದು ಬೇರೆ ಭಾಷಣ.

ನನ್ನಂಥ ಐಟಿಯವರಿಗೆ ಬರುತ್ತೇನೆ. ಇಲ್ಲಿ ಕಥೆ ಸ್ವಲ್ಪ ಬೇರೆ. ವರ್ಷಕ್ಕೆ ಹದಿನಾಲ್ಕು ಲಕ್ಷದ ಪ್ರಾಜೆಕ್ಟ್ ಮಾಡಿದ್ದೀರಿ ಎಂದುಕೊಳ್ಳಿ. ಕಂಪನಿ ಶೇ. 10 ಟಿಡಿಎಸ್ ಕತ್ತರಿಸಿ ಕೊಟ್ಟಿದೆ, ಅಂದರೆ 1,40,000 ಆಗಲೇ ಸರ್ಕಾರದ ಬಳಿ ಇದೆ. 44ಎಡಿಎ ಪ್ರಕಾರ ಲಾಭ ಏಳು ಲಕ್ಷ. ಎಫ್‌ಡಿ ಬಡ್ಡಿ 30,000 ಸೇರಿ 7,30,000. ಹನ್ನೆರಡರ ಒಳಗೆ, ತೆರಿಗೆ ಸೊನ್ನೆ. ಆ 1,40,000 ಪೂರ್ತಿ ವಾಪಸ್ ಬರಬೇಕು, ಆದರೆ ತಾನಾಗಿ ಬರುವುದಿಲ್ಲ. ರಿಟರ್ನ್ ತುಂಬಿದರೆ ಮಾತ್ರ. "ಟಿಡಿಎಸ್ ಕಟ್ ಆಗ್ಯದ, ಅಂದ್ರ ನಮ್ಮ ಟ್ಯಾಕ್ಸ್ ಮುಗೀತು" ಎಂದು ಸುಮ್ಮನಿರುವ ಗೆಳತಿಯರು ನನಗೆ ಗೊತ್ತು. ಮುಗಿದಿಲ್ಲ, ನಿಮ್ಮ ದುಡ್ಡು ಅಲ್ಲಿ ಕೂತಿದೆ. ಅದೂ ಅಲ್ಲದೆ ವೃತ್ತಿಯ ವಸೂಲಿ ಹತ್ತು ಲಕ್ಷ ದಾಟಿದರೆ ತೆರಿಗೆ ಇರಲಿ ಬಿಡಲಿ, ರಿಟರ್ನ್ ಕಡ್ಡಾಯ.

ವಸೂಲಿ ಹದಿನೆಂಟು ಲಕ್ಷವಾದಾಗ ಪ್ರಶ್ನೆ ಬಿಗಿಯಾಗುತ್ತದೆ. ಅರ್ಧ ಎಂದರೆ ಒಂಬತ್ತು ಲಕ್ಷ, ತೆರಿಗೆ ಸೊನ್ನೆ. ನಿಜವಾದ ಖರ್ಚು ಮೂರೇ ಲಕ್ಷವಾಗಿದ್ದು ಲಾಭ ಹದಿನೈದು ಲಕ್ಷ ಎಂದು ತೋರಿಸಿದರೆ 1,05,000 ತೆರಿಗೆ, ಸೆಸ್ ಸೇರಿ 1,09,200. ಅಂದರೆ ಇಲ್ಲಿ ಅಂದಾಜಿನ ಅನುಕೂಲ ಲಕ್ಷ ರೂಪಾಯಿಗೂ ಮಿಕ್ಕಿದ್ದು. ಕಾಯ್ದೆ ಕೊಟ್ಟ ಆಯ್ಕೆಯನ್ನು ಬಳಸುವುದು ಕಳ್ಳತನವಲ್ಲ. ಆದರೆ ಒಂಬತ್ತು ಲಕ್ಷ ಆದಾಯ ತೋರಿಸಿ ಅದೇ ವರ್ಷ ಹನ್ನೆರಡು ಲಕ್ಷದ ಎಫ್‌ಡಿ ಇಟ್ಟರೆ, ಆ ದುಡ್ಡು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಕೈಯಲ್ಲಿರಬೇಕು. ಈ ಮೊತ್ತದಲ್ಲಿ ಇರುವವರು ಒಮ್ಮೆ ಸಿ.ಎ. ಮುಂದೆ ಕೂತು ಮಾತಾಡಿ, ಅವರ ಫೀಸು ದಂಡವಲ್ಲ. ಅಂದಾಜು ಲಾಭ ತೋರಿಸಿದ ಮೇಲೆ ಲ್ಯಾಪ್‌ಟಾಪ್, ಇಂಟರ್ನೆಟ್ ಖರ್ಚನ್ನು ಮತ್ತೆ ಕಳೆಯುವಂತಿಲ್ಲ, ಎಲ್ಲ ಆ ಅರ್ಧದಲ್ಲೇ ಬಂತು ಎಂದು ಲೆಕ್ಕ. ಒಂದೇ ಕಂಪನಿಯ ಸಂಬಳದ ಕೆಲಸವನ್ನು ಬರೀ ಹೆಸರು ಬದಲಿಸಿ "ಕನ್ಸಲ್ಟೆಂಟ್" ಎಂದು ತೋರಿಸುವ ಉಪಾಯ ಕೆಲವರು ಹೇಳುತ್ತಾರೆ. ಅದು ಬೇಡ. ಪಿಎಫ್, ರಜೆ ಎಲ್ಲ ಬಿಟ್ಟುಕೊಟ್ಟು ತಲೆನೋವು ಕೊಂಡ ಹಾಗೆ.

44ಎಡಿ ಆರಿಸಿದವರಿಗೆ ಒಂದು ಎಚ್ಚರಿಕೆ. ಒಮ್ಮೆ ಇದರಲ್ಲಿ ಬಂದು, ಮುಂದಿನ ಐದು ವರ್ಷದಲ್ಲಿ ಯಾವಾಗಲಾದರೂ ಶೇ. 6-8ಕ್ಕಿಂತ ಕಡಿಮೆ ಲಾಭ ತೋರಿಸಿ ಹೊರಬಿದ್ದರೆ, ಆಮೇಲೆ ಐದು ವರ್ಷ ವಾಪಸ್ ಬರುವಂತಿಲ್ಲ. ಒಟ್ಟು ಆದಾಯ ತೆರಿಗೆ ಮಿತಿ ಮೀರಿದ್ದರೆ ಲೆಕ್ಕಪುಸ್ತಕ, ಆಡಿಟ್ ಕೂಡ ಬರುತ್ತದೆ. 44ಎಡಿಎಯಲ್ಲಿ ಈ ಐದು ವರ್ಷದ ಗಂಟು ಇಲ್ಲ.

ಹಿರಿಯರಿಗೂ ಒಂದು ಮಾತು. ಮಗಳ ಬಾಣಂತನಕ್ಕೆ ಎಂದು ವಿದೇಶಕ್ಕೆ ಹೋಗಲು ನಿಮ್ಮ ಕೈಯಿಂದ ವರ್ಷದಲ್ಲಿ ಎರಡು ಲಕ್ಷಕ್ಕಿಂತ ಹೆಚ್ಚು ಖರ್ಚಾದರೆ, ಆದಾಯ ಎಷ್ಟೇ ಕಡಿಮೆ ಇದ್ದರೂ ರಿಟರ್ನ್ ತುಂಬಬೇಕು. ವರ್ಷದ ಕರೆಂಟ್ ಬಿಲ್ಲು ಒಂದು ಲಕ್ಷ ದಾಟಿದರೂ ಅಷ್ಟೇ. ಟಿಕೆಟ್ಟು ಅಳಿಯ ತೆಗೆಸಿದರೆ ಅಳಿಯನ ಲೆಕ್ಕ!

ಇನ್ನು ತಾರೀಖುಗಳು. ಅಂದಾಜು ಲಾಭದವರು ಮುಂಗಡ ತೆರಿಗೆಯನ್ನು ನಾಲ್ಕು ಕಂತಿನಲ್ಲಿ ಕಟ್ಟಬೇಕಿಲ್ಲ, ಪೂರ್ತಿ ಮಾರ್ಚ್ 15ರೊಳಗೆ ಒಂದೇ ಸಲ ಕಟ್ಟಿದರೆ ಸಾಕು. ಟಿಡಿಎಸ್ ಕಳೆದು ಬಾಕಿ ತೆರಿಗೆ ಹತ್ತು ಸಾವಿರ ಮುಟ್ಟದಿದ್ದರೆ ಅದೂ ಬೇಡ. ಫಾರ್ಮು ಐಟಿಆರ್-4, ಹೆಸರು ಸುಗಮ್. ಹೆಸರಿನಷ್ಟು ಸುಗಮವಲ್ಲದಿದ್ದರೂ ಒಂದು ಮಧ್ಯಾಹ್ನದ ಕೆಲಸ. ಒಟ್ಟು ಆದಾಯ ಐವತ್ತು ಲಕ್ಷ ಮೀರಿದವರಿಗೆ, ಶೇರಿನ ಅಲ್ಪಾವಧಿ ಲಾಭ ಇದ್ದವರಿಗೆ ಅದು ನಡೆಯುವುದಿಲ್ಲ. ಕೊನೆಯ ದಿನಾಂಕವನ್ನು ಆಯಾ ವರ್ಷ ಪೋರ್ಟಲಿನಲ್ಲೇ ನೋಡಿ. ಕಳೆದ ವರ್ಷ ಜುಲೈ 31 ಇದ್ದದ್ದು ಸೆಪ್ಟೆಂಬರ್ 15ಕ್ಕೆ ಹೋಗಿ, ಮತ್ತೆ ಒಂದು ದಿನ ಮುಂದೆ ಹೋಯಿತು. ಹೊಸ ಪದ್ಧತಿಯೇ ಈಗ ತಾನಾಗಿ ಅನ್ವಯಿಸುತ್ತದೆ. ಹಳೆಯದು ಬೇಕು ಎನ್ನುವ ದುಡಿಮೆಗಾರರು 10-ಐಇಎ ಫಾರ್ಮು ಕೊಡಬೇಕು, ಹಾಗೆ ಹೋದವರಿಗೆ ಹೊಸದಕ್ಕೆ ವಾಪಸ್ ಬರಲು ಒಂದೇ ಅವಕಾಶ.

ಬರುವ ಏಪ್ರಿಲ್ 1ರಿಂದ 1961ರ ಕಾಯ್ದೆ ಹೋಗಿ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬರುತ್ತದೆ. ಅದರಲ್ಲಿ 44ಎಡಿ, 44ಎಡಿಎ ಎರಡೂ 58ನೇ ಕಲಮಿನೊಳಗೆ ಸೇರಿವೆ. ಈ ಬೇಸಿಗೆಯಲ್ಲಿ ತುಂಬುವ 2025-26ರ ರಿಟರ್ನ್ ಮಾತ್ರ ಹಳೆಯ ಕಾಯ್ದೆಯದ್ದೇ. ಮುಂದಿನ ವಾರದ ಬಜೆಟ್‌ನಲ್ಲಿ ಏನಾದರೂ ಬದಲಾದರೆ ನಮ್ಮ ಗುಂಪಿನಲ್ಲಿ ಹಾಕುತ್ತೇನೆ.

ಮುಂದಿನ ಭಾನುವಾರ ಬೆಳಗ್ಗೆ ಹತ್ತಕ್ಕೆ ಇದೇ ಹಾಲಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತೇನೆ. ಪ್ಯಾನ್, ಆಧಾರ್, ನಿಮ್ಮ ಹೆಸರಿನ ಪಾಸ್‌ಬುಕ್, ಆಧಾರಿಗೆ ಜೋಡಿಸಿದ ಮೊಬೈಲ್ ತನ್ನಿ. ಪ್ಯಾನ್ ಇಲ್ಲದವರೂ ಬನ್ನಿ, ಅಲ್ಲೇ ಅರ್ಜಿ ಹಾಕೋಣ. ನಿಮ್ಮ ಹೆಸರಿನಲ್ಲಿ ಖಾತೆ ಇಲ್ಲದವರು ಈ ವಾರವೇ ಬ್ಯಾಂಕಿಗೆ ಹೋಗಿ ಬನ್ನಿ. ಪೋರ್ಟಲಿನಲ್ಲಿ ಎಐಎಸ್ ಎಂಬ ಪಟ್ಟಿ ಇರುತ್ತದೆ, ನಿಮ್ಮ ಪ್ಯಾನ್ ಮೇಲೆ ಯಾರು ಎಷ್ಟು ಟಿಡಿಎಸ್ ಕಟ್ಟಿದ್ದಾರೆ, ಎಷ್ಟು ಬಡ್ಡಿ ಬಂದಿದೆ ಎಂದು ಅಲ್ಲಿ ತೆರೆದು ತೋರಿಸುತ್ತೇನೆ. ಪಾಸ್‌ವರ್ಡು ನೀವೇ ಟೈಪ್ ಮಾಡಿ, ಓಟಿಪಿ ಬಂದರೆ ನೀವೇ ಹಾಕಿ. ಯಾರು ಕೇಳಿದರೂ ಹೇಳಬೇಡಿ, ನಾನು ಕೇಳಿದರೂ.